ಮಾತಿನ ದವಾಖಾನೆಗೆ ಬಂದ ದೇವರುಗಳು

ನನ್ನ ಕೋಣೆಯ ಹೊರಗಿನ ಫಲಕದಲ್ಲಿ ‘ಮನೋವಿಶ್ಲೇಷಣೆ’ ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆಸಿದ್ದೆ. ಆ ಪದವನ್ನು ಯಾರಾದರೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಲಿಲ್ಲ. ಮಹಾರಾಷ್ಟ್ರದ ಗಡಿಯಲ್ಲಿರುವ ಜತ್ತ ತಾಲೂಕಿನ ಜನ ಅದಕ್ಕೆ ತಮ್ಮದೇ ಹೆಸರಿಟ್ಟರು: ಮಾತಿನ ದವಾಖಾನಿ. ‘ಅಲ್ಲಿ ಗುಳಿಗಿ ಕೊಡಂಗಿಲ್ಲ, ಸೂಜಿ ಮಾಡಂಗಿಲ್ಲ, ಬರೇ ಮಾತಾಡಸ್ತಾರ’ ಎಂದು ಒಬ್ಬರಿಗೊಬ್ಬರು ಹೇಳಿ ಕಳಿಸುತ್ತಿದ್ದರು. ಕೆಲವರು ಹಾಗೆಂದದ್ದು ಹೊಗಳಿಕೆಗೆ, ಕೆಲವರು ದೂರಿಗೆ.

ನಾನು ನಿವೃತ್ತಳಾದ ಮೇಲೆ, ಈ ವಿದ್ಯೆ ಕಲಿಯುತ್ತಿರುವ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ಅವರು ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ತಪ್ಪುವುದೇ ಇಲ್ಲ: ದೇವರೆಂದರೆ ಮನಸ್ಸು ತನ್ನ ಆಸರೆಗೆ ಕಟ್ಟಿಕೊಂಡ ಭ್ರಮೆ ಎಂದು ನಮಗೆ ಕಲಿಸಿದ್ದಾರೆ. ಆದರೆ ಬರುವವರೆಲ್ಲ ದೇವರನ್ನು ಜೊತೆಗೇ ಕರೆದುಕೊಂಡು ಬರುತ್ತಾರಲ್ಲ, ಏನು ಮಾಡಬೇಕು? ಇದಕ್ಕೆ ನನ್ನ ಬಳಿ ಸೂತ್ರವಿಲ್ಲ. ನಡೆದದ್ದನ್ನು ಹೇಳಬಲ್ಲೆ, ಅಷ್ಟೆ.

ನಾನು ಜತ್ತದವಳೇ. ಅಪ್ಪನದು ಪೇಟೆಯಲ್ಲಿ ಬಟ್ಟೆ ಅಂಗಡಿ. ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಮರಾಠಿ. ಬೆಳಗ್ಗೆ ಅಪ್ಪನ ಲಿಂಗಪೂಜೆ ಮುಗಿಯದೆ ನಮಗೆ ಚಹಾ ಇರಲಿಲ್ಲ. ಓದಲು ಪುಣೆಗೆ ಹೋದೆ, ಅಲ್ಲಿ ಈ ವಿದ್ಯೆ ಕೈಹಿಡಿಯಿತು. ಕಲಿಸಿದವರು ಒಬ್ಬ ಹಿರಿಯ ವೈದ್ಯೆ. ನಾವೆಲ್ಲ ಅವರನ್ನು ಡಾಕ್ಟರಬಾಯಿ ಎನ್ನುತ್ತಿದ್ದೆವು. ಮಾತು ಹರಿತ, ದೇವರಲ್ಲಿ ಎಳ್ಳಷ್ಟೂ ನಂಬಿಕೆ ಇಲ್ಲ. ಮೊದಲ ಭೇಟಿಯಲ್ಲೇ ನನ್ನ ಹಣೆಯ ವಿಭೂತಿಯನ್ನು ನೋಡಿ ಮರಾಠಿಯಲ್ಲಿ ಕೇಳಿದರು: ‘ಇದು ನಿನ್ನದೋ, ನಿನ್ನ ಅಪ್ಪನದೋ?’ ಆ ಪ್ರಶ್ನೆಗೆ ಪೂರ್ತಿ ಉತ್ತರ ನನಗೆ ಇವತ್ತಿಗೂ ಸಿಕ್ಕಿಲ್ಲ. ಆದರೆ ಅಂಥ ಪ್ರಶ್ನೆ ಕೇಳುವವರು ಬದುಕಿನಲ್ಲಿ ಒಬ್ಬರಾದರೂ ಸಿಕ್ಕರಲ್ಲ ಎಂಬ ಋಣ ದೊಡ್ಡದು. ಮದುವೆಯಾಗಿ ನಾನು ಜತ್ತಕ್ಕೆ ಮರಳಿ, ಇಲ್ಲಿನ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ಕೋಣೆ ಹಿಡಿದ ಮೇಲೂ ಅವರು ನನ್ನ ಕೈ ಬಿಡಲಿಲ್ಲ. ಕೊನೆಯವರೆಗೂ ವಾರಕ್ಕೊಮ್ಮೆ ಫೋನಿನಲ್ಲಿ ನನ್ನ ಕೆಲಸವನ್ನು ಕೇಳಿ ತಿದ್ದುತ್ತಿದ್ದರು.

ಆರಂಭದ ಪಜೀತಿಗಳನ್ನು ನೆನೆದರೆ ಈಗ ನಗು ಬರುತ್ತದೆ. ಪುಣೆಯಲ್ಲಿ ಕಲಿತಂತೆ ಬಂದವರನ್ನು ಮಂಚದ ಮೇಲೆ ಮಲಗಿಸಿ, ಅವರ ಕಣ್ಣಿಗೆ ಬೀಳದಂತೆ ತಲೆಯ ಹಿಂದೆ ಕುರ್ಚಿ ಹಾಕಿಕೊಂಡು ಕುಳಿತೆ. ‘ಮನಸಿಗೆ ಬಂದದ್ದೆಲ್ಲ ಹೇಳ್ರಿ’ ಎಂದರೆ ಅವರು ಬಾಯಿ ತೆರೆದು ನಾಲಿಗೆ ಚಾಚುತ್ತಿದ್ದರು. ಒಬ್ಬ ಅಜ್ಜ ಬಹಳ ಹೊತ್ತು ಸುಮ್ಮನೆ ಮಲಗಿದ್ದು, ‘ಸೂಜಿ ಎಡಗೈಗೆ ಮಾಡ್ರಿ ಬಾಯಾರ, ಬಲಗೈಲೆ ಕೆಲಸ ಐತಿ’ ಎಂದ. ಇನ್ನೊಬ್ಬಾಕೆ ಮಲಗಲು ಒಪ್ಪಲೇ ಇಲ್ಲ: ‘ನೀವು ಕುಂತಿರೋವಾಗ ನಾ ಹ್ಯಾಂಗ ಅಡ್ಡಾಗಲ್ರಿ?’ ಮಂಚ ಹೊರಗೆ ಹೋಯಿತು. ಎರಡು ಕುರ್ಚಿ ಬಂದವು, ಕುರ್ಚಿ ಒಗ್ಗದವರಿಗೆ ಒಂದು ಚಾಪೆ.

ದೇವರ ವಿಷಯದಲ್ಲಿ ಮೊದಲ ಪೆಟ್ಟು ಕೊಟ್ಟವಳು ಎದೆ ಬಡಿತದ ತೊಂದರೆಯಿಂದ ಗಂಡನ ಜೊತೆ ಬಂದಿದ್ದ ಒಬ್ಬ ರೈತ ಹೆಂಗಸು. ಕುಳಿತವಳೇ ಕೇಳಿದಳು: ‘ನೀವು ದೇವರನ್ನ ನಂಬ್ತೀರೇನ್ರಿ?’

ಪ್ರಶ್ನೆಗೆ ಉತ್ತರ ಕೊಡಬಾರದು, ಪ್ರಶ್ನೆಯ ಹಿಂದೆ ಏನಿದೆ ನೋಡಬೇಕು ಎಂಬುದು ಪಾಠ. ‘ನಂಬಿದ್ರ ಹ್ಯಾಂಗ, ನಂಬಲಿಲ್ಲಂದ್ರ ಹ್ಯಾಂಗ ಅನಸ್ತೈತ್ರಿ ನಿಮಗ?’ ಎಂದೆ.

ಆಕೆ ಗಂಡನ ಕಡೆ ತಿರುಗಿದಳು. ‘ಕೇಳಿದ್ದಕ್ಕ ಹೇಳಾಕ ಬರಲ್ಲ ಇವ್ರಿಗೆ. ಏಳ್ರಿ, ಹೋಗೂಣು.’

ಹೋಗಿಯೇಬಿಟ್ಟರು. ಆಮೇಲೆ ನಾನು ಮಾತನ್ನು ಬದಲಿಸಿಕೊಂಡೆ. ಯಾರಾದರೂ ಅದೇ ಪ್ರಶ್ನೆ ಕೇಳಿದರೆ, ‘ನನ್ನ ಮನಿಯೊಳಗ ಲಿಂಗಪೂಜಿ ನಡೀತೈತ್ರಿ. ನನ್ನ ಮನಸಿನ್ಯಾಗ ಏನ ನಡೀತೈತಿ ನನಗ ಪೂರಾ ಗೊತ್ತಿಲ್ಲ. ನಿಮ್ಮ ದೇವರು ಹ್ಯಾಂಗದಾನ, ಹೇಳ್ರಿ’ ಎನ್ನುತ್ತಿದ್ದೆ. ಇದು ನಿಜವೂ ಆಗಿತ್ತು. ಜನ ತಮ್ಮ ದೇವರ ಬಗ್ಗೆ ಹೇಳಲು ತೊಡಗಿದರೆ ಸಾಕು, ಹಿಂದೆಯೇ ಅಪ್ಪ, ಅತ್ತೆ, ಸತ್ತ ತಮ್ಮ, ಎಲ್ಲರೂ ಸಾಲಾಗಿ ಕೋಣೆಯೊಳಗೆ ಬರುತ್ತಿದ್ದರು.

ಶೋಭಾ ಎಂದು ಕರೆಯುತ್ತೇನೆ, ದಾಳಿಂಬೆ ತೋಟಗಳಲ್ಲಿ ಕೂಲಿ ಮಾಡುತ್ತಿದ್ದ ಹುಡುಗಿ. ಅವರದು ಬೌದ್ಧ ಮನೆತನ. ಅಜ್ಜನ ಕಾಲದಲ್ಲಿ ಮನೆಯ ದೇವರುಗಳನ್ನೆಲ್ಲ ಬಿಟ್ಟು ಬುದ್ಧನ ಚಿತ್ರ ಇಟ್ಟುಕೊಂಡವರು. ಅವಮಾನದಿಂದ ತಲೆಯೆತ್ತಿ ನಡೆದ ದಾರಿ ಅದು. ಅಪ್ಪನಿಗೆ ಅದರ ಬಗ್ಗೆ ಹೆಮ್ಮೆ. ಹೀಗಿರುವಾಗ ಶೋಭಾಳ ಕನಸಿನಲ್ಲಿ ಮುಖಕ್ಕೆ ಅರಿಷಿಣ ಬಳಿದುಕೊಂಡ ದೇವಿಯೊಬ್ಬಳು ಹೊಸ್ತಿಲಲ್ಲಿ ಕುಳಿತು ನೀರು ಕೇಳುತ್ತಿದ್ದಳು. ಹುಡುಗಿ ಉಸಿರುಗಟ್ಟಿ ಏಳುತ್ತಿದ್ದಳು. ‘ಅಪ್ಪಾಗ ಹ್ಯಾಂಗ ಹೇಳ್ಲಿ ಬಾಯಾರ? ಇಷ್ಟು ಕಷ್ಟಪಟ್ಟು ಹೊರಗ ಹಾಕಿದ್ದನ್ನ ಮತ್ತ ಒಳಗ ಕರಕೊಂಡು ಬಂದಿ ಅಂತಾನ’ ಎಂದು ಅಳುತ್ತಿದ್ದಳು.

ನಾನು ದೇವಿಯ ಬಗ್ಗೆಯೇ ಕೇಳುತ್ತ ಹೋದೆ, ದಾರಿ ಸಿಗಲಿಲ್ಲ. ಡಾಕ್ಟರಬಾಯಿ ಫೋನಿನಲ್ಲಿ ಎಲ್ಲ ಕೇಳಿ, ‘ದೇವಿಯನ್ನು ಬಿಡು. ನೀರಿನ ಬಗ್ಗೆ ಕೇಳು’ ಎಂದರು.

ಮುಂದಿನ ವಾರ ಕೇಳಿದೆ. ಆಮೇಲೆ ಆಯಿಯ ಕಥೆ ಬಂತು. ಆಯಿ ಎಂದರೆ ಅಪ್ಪನ ತಾಯಿ. ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮುಂಚೆ ಆಯಿ ನೀರು ಬೇಡಿದ್ದಳು, ಹೊಟ್ಟೆ ಖಾಲಿ ಇರಬೇಕೆಂದು ಹೇಳಿದ್ದರಿಂದ ಮೊಮ್ಮಗಳು ಕೊಟ್ಟಿರಲಿಲ್ಲ. ಆಯಿ ಆಪರೇಷನ್ನಿನಿಂದ ಎದ್ದು ಬರಲಿಲ್ಲ. ಕನಸಿನ ಹಳದಿ ಮುಖ ಕಾಮಾಲೆಯಾಗಿದ್ದ ಆಯಿಯ ಮುಖ. ಹೇಳುತ್ತಿದ್ದ ಹಾಗೇ ಅವಳಿಗೆ ತಾನೇ ಹೊಳೆಯಿತು. ‘ದೇವಿ ಅಲ್ರಿ ಅದು. ನಮ್ಮ ಆಯೀರಿ’ ಎಂದಳು.

ಅವಳು ಅಪ್ಪನಿಗೆ ಹೇಳಿದಳು. ಅಪ್ಪ ಬಯ್ಯಲಿಲ್ಲ. ಬುದ್ಧನ ಚಿತ್ರದ ಮುಂದೆ ಮೇಣಬತ್ತಿ ಹಚ್ಚಿ, ಮಗಳ ಜೊತೆ ಕುಳಿತು ವಂದನೆ ಹೇಳಿ, ತಾಯಿಯ ಫೋಟೋದ ಮುಂದೆ ಒಂದು ತಂಬಿಗೆ ನೀರು ಇಟ್ಟನಂತೆ. ನನ್ನ ವಿದ್ಯೆ ಕನಸಿನ ಗಂಟು ಬಿಚ್ಚಿತ್ತು. ಬಿಚ್ಚಿದ ಮೇಲೆ ಏನು ಮಾಡಬೇಕೆಂಬುದು ಆ ಮನೆಯ ಧರ್ಮಕ್ಕೆ ಗೊತ್ತಿತ್ತು.

ಈಗ ಹೇಳುವುದು ನನ್ನ ಕೆಲಸದ ಬದುಕಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕಲಿಸಿದ ಸಂಗತಿ. ಹೇಳಲು ಅವರ ಒಪ್ಪಿಗೆ ಇದೆ. ‘ಬರೀರಿ, ಹೆಸರು ಬ್ಯಾಡ’ ಎಂದಿದ್ದಾರೆ. ಹಾಗಾಗಿ ಮಹಾಂತಯ್ಯ ಎನ್ನುತ್ತೇನೆ.

ಒಂದು ಮಧ್ಯಾಹ್ನ ಹೊರಗೆ ಗದ್ದಲವಾಗಿ ಬಾಗಿಲು ತೆರೆದರೆ, ಬಾಕಿನ ಮೇಲೆ ಕುಳಿತಿದ್ದವರೆಲ್ಲ ಎದ್ದು ನಿಂತಿದ್ದರು. ಸಿಸ್ಟರ್ ಒಬ್ಬಳು ನೆಲಕ್ಕೆ ಹಣೆ ಹಚ್ಚಿದ್ದಳು. ನಡುವೆ ಕಾವಿಯುಟ್ಟ, ಐವತ್ತರ ಆಸುಪಾಸಿನ ಸ್ವಾಮಿಗಳು. ತಾಲೂಕಿನ ಪೂರ್ವದ ಒಂದು ಸಣ್ಣ ಮಠದವರು. ಅವರ ಪುರಾಣ ಪ್ರವಚನಕ್ಕೆ ಹಳ್ಳಿಹಳ್ಳಿಗಳಲ್ಲಿ ಜನ ಕಾಯುತ್ತಿದ್ದರು. ನನ್ನ ಕೈ ತಾನಾಗಿ ಅವರ ಪಾದದ ಕಡೆ ಹೋಯಿತು. ಅಪ್ಪನ ಮನೆಯ ರೂಢಿ. ತಡೆದುಕೊಂಡೆ. ಕಾಲಿಗೆ ಬಿದ್ದರೆ ನಾನೂ ಅವರ ಭಕ್ತರಲ್ಲಿ ಒಬ್ಬಳಾಗುತ್ತಿದ್ದೆ, ಭಕ್ತರ ಮುಂದೆ ಹೇಳಲಾಗದ್ದನ್ನು ಹೇಳಲೆಂದೇ ಅವರು ಬಂದಿದ್ದರು. ‘ಬರ್ರಿ, ಕುಂದ್ರಿ’ ಎಂದು ಎಲ್ಲರಿಗೂ ತೋರಿಸುವ ಕುರ್ಚಿಯನ್ನೇ ತೋರಿಸಿದೆ.

ಅವರು ಕುರ್ಚಿಯನ್ನೂ ನನ್ನನ್ನೂ ನೋಡಿ ಕುಳಿತರು. ದನಿ ಬಿರುಕುಬಿಟ್ಟಂತಿತ್ತು. ‘ಪುರಾಣಕ್ಕ ಕುಂತ್ರ ದನಿ ಹೋಗ್ತೈತ್ರಿ. ಮಿರಜದಾಗ ಗಂಟಲದ ಡಾಕ್ಟರ್ ನೋಡ್ಯಾರ, ಏನೂ ಇಲ್ಲಂತಾರ. ಕೆಲವರು ಮಾಟ ಅಂತಾರ. ಕೆಲವರು ನನ್ನ ತಪಸ್ಸಿನೊಳಗ ಕಸರು ಬಂದೈತಿ ಅಂತಾರ.’

‘ನಿಮಗ ಏನ ಅನಸ್ತೈತ್ರಿ?’

ಎದೆಯ ಮೇಲಿನ ಲಿಂಗವನ್ನು ಕೈಯಿಂದ ಮುಚ್ಚಿಕೊಂಡರು. ‘ಶಿವ ನನ್ನ ಕೈ ಬಿಟ್ಟಾನ್ರಿ.’

ಶ್ರಾವಣ ಹತ್ತಿರವಿತ್ತು. ಸೊರಡಿ ಎಂಬ ಹಳ್ಳಿಯಲ್ಲಿ ಪುರಾಣ ಹೇಳಲು ಒಪ್ಪಿಕೊಂಡಿದ್ದರು. ಅವರಿಗೆ ಭಕ್ತರು ಕೈಬಿಡುವ ಭಯಕ್ಕಿಂತ ಹೆಚ್ಚಾಗಿ, ಬಾಲ್ಯದಿಂದ ಯಾರನ್ನು ನೆಚ್ಚಿ ಬದುಕಿದ್ದರೋ ಅವನೇ ಬಾಯಿ ಕಟ್ಟಿಹಾಕಿದ್ದಾನೆ ಎಂಬ ಭಯವಿತ್ತು.

ಪ್ರತಿ ಮಂಗಳವಾರ ಬರತೊಡಗಿದರು. ಮೊದಮೊದಲು ನನಗೇ ಪ್ರವಚನ ಕೊಡುತ್ತಿದ್ದರು: ಮಾಯೆ, ಮೋಹ, ಶರಣಾಗತಿ. ಅದೂ ಬಿರುಕು ದನಿಯಲ್ಲೇ. ಡಾಕ್ಟರಬಾಯಿ ಅದನ್ನು ಅಡ್ಡಗೋಡೆ ಎಂದರು. ಇರಬಹುದು, ಆದರೆ ಗೋಡೆಗೂ ಕಿಟಕಿ ಇರುತ್ತದೆಂದು ನಾನು ಕೇಳುತ್ತ ಕುಳಿತೆ. ಒಂದು ಮಂಗಳವಾರ ಪಕ್ಕದ ಕೋಣೆಯಲ್ಲಿ ಸಿಸ್ಟರ್ ಬುತ್ತಿ ಬಿಚ್ಚಿದಳು, ಗುರೆಳ್ಳು ಚಟ್ನಿಯ ವಾಸನೆ ಬಂತು. ಮಹಾಂತಯ್ಯನವರು ಮಾತು ನಿಲ್ಲಿಸಿದರು.

‘ನಮ್ಮವ್ವ ಕಟ್ಟಿದ್ಲು’ ಎಂದರು. ‘ರೊಟ್ಟಿ, ಗುರೆಳ್ಳ ಹಿಂಡಿ. ಮಠಕ್ಕ ಬಿಡಾಕ ಬಂದಾಗ.’

ಆವತ್ತು ಮೊದಲ ಸಲ ಆ ಕಥೆ ಬಂತು. ಕುಣಿಕೋಣೂರ ಕಡೆಯ ಜಂಗಮರ ಮನೆ. ತಾಯಿಗೆ ಹುಟ್ಟಿದ ಕೂಸುಗಳು ಉಳಿಯುತ್ತಿರಲಿಲ್ಲ. ಈ ಕೂಸು ಉಳಿದರೆ ಶಿವನಿಗೇ ಕೊಡುತ್ತೇನೆಂದು ಆಕೆ ಹರಕೆ ಹೊತ್ತಳು. ಕೂಸು ಉಳಿಯಿತು. ಸಾಲೆಗೆ ಹೋಗುವ ವಯಸ್ಸಿಗೆ ಮಗನನ್ನು ಮಠಕ್ಕೆ ಒಪ್ಪಿಸಿದಳು. ‘ಸಂಜಿಗೆ ಬರ್ತೀನಿ’ ಎಂದು ಹೇಳಿ ಹೋದವಳು ಬರಲಿಲ್ಲ. ಮುಂದೆ ಬಂದಾಗ ಅವಳು ತಾಯಿಯಾಗಿ ಬರಲಿಲ್ಲ, ಭಕ್ತೆಯಾಗಿ ಬಂದಳು. ಮಗನ ಕಾಲಿಗೆ ಬಿದ್ದು ‘ಬುದ್ದಿ’ ಎಂದು ಸ್ವಾಮಿಗಳನ್ನು ಕರೆಯುವಂತೆ ಕರೆದಳು.

‘ಆವಾಗ ನಿಮಗ?’

‘ನನಗೇನೂ ಆಗಲಿಲ್ರಿ. ಅದು ಆಕಿ ಪುಣ್ಯ, ನನ್ನ ಭಾಗ್ಯ’ ಎಂದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಮುಂದಿನ ಸಲ ನಾನು ಕೇಳಿದೆ, ಪುರಾಣದಲ್ಲಿ ದನಿ ಹೋಗುವುದು ಎಲ್ಲಿಂದ ಶುರುವಾಯಿತು? ಅವರು ಯೋಚಿಸಿ ಹೇಳಿದರು: ಶಿವ ಜಂಗಮನ ವೇಷದಲ್ಲಿ ಬಂದು ಭಕ್ತೆಯೊಬ್ಬಳ ಮಗನನ್ನು ಬೇಡಿ, ಕೊನೆಗೆ ತಿರುಗಿ ಕೊಡುವ ಪ್ರಸಂಗ. ವರ್ಷಗಟ್ಟಲೆ ಹೇಳಿದ ಕಥೆಯೇ. ಆದರೆ ಹಿಂದಿನ ಸುಗ್ಗಿಯಲ್ಲಿ ಒಂದು ದಂಪತಿ ತಮ್ಮ ಮಗನನ್ನು ಮಠಕ್ಕೆ ಮರಿಯಾಗಿ, ಅಂದರೆ ಮುಂದಿನ ಸ್ವಾಮಿಯಾಗಿ ಬೆಳೆಯಲು ಒಪ್ಪಿಸುತ್ತೇವೆಂದು ಇವರ ಬಳಿ ಕರೆತಂದಿದ್ದರು. ಇವರು ಆಗಲೆಂದು ಒಪ್ಪಿದ್ದರು. ಅದಾದ ಮೇಲೆ ಆ ಪ್ರಸಂಗದಲ್ಲಿ ಗಂಟಲು ಕಟ್ಟತೊಡಗಿತು. ನಂತರ ಇಡೀ ಪುರಾಣಕ್ಕೇ ಹರಡಿತು.

‘ಆ ಪ್ರಸಂಗ ನನಗ ಹೇಳ್ರಿ’ ಎಂದೆ.

ಪಿಸುದನಿಯಲ್ಲಿ ಶುರುಮಾಡಿದರು. ‘ಜಂಗಮ ಅಂಗಳದಾಗ ನಿಂತಾನ. ತಾಯಿ ಮಗನ್ನ ಎತ್ತಿಕೊಂಡು ಬಂದ್ಲು. ಕಣ್ಣಾಗ ಒಂದು ಹನಿ ನೀರಿಲ್ಲ. ನಗನಗತಾ...’

ನಿಂತರು. ಮತ್ತೆ ಯತ್ನಿಸಿದರು. ‘ನಗನಗತಾ ಕೊಟ್...’ ತುಟಿ ಅಲುಗಿತು, ದನಿ ಬರಲಿಲ್ಲ. ಕುತ್ತಿಗೆಯ ನರ ಉಬ್ಬಿದವು. ಆಮೇಲೆ ಆ ಕೋಣೆಯ ಗಾಜು ನಡುಗುವ ಹಾಗೆ ಕೂಗಿದರು:

‘ನಗನಗತಾ ಅಂತ! ಯಾವ ತಾಯಿ ನಗತಾಳ್ರಿ? ಸುಳ್ಳು! ಸುಳ್ಳು ಅದು!’

ಸಿಸ್ಟರ್ ಓಡಿ ಬಂದು ಬಾಗಿಲು ದೂಡಿದಳು. ನಾನು ಕೈಸನ್ನೆ ಮಾಡಿ ಕಳಿಸಿದೆ. ಮಹಾಂತಯ್ಯನವರು ಅಳುತ್ತಿದ್ದರು, ಮೂಗು ಸೋರುತ್ತಿದ್ದದ್ದೂ ತಿಳಿಯದ ಹಾಗೆ, ಮಕ್ಕಳು ಅತ್ತಂತೆ. ಬಹಳ ಹೊತ್ತಿನ ಮೇಲೆ ಕಾವಿಯ ಸೆರಗಿನಿಂದ ಮುಖ ಒರೆಸಿಕೊಂಡರು. ದನಿ ತಿಳಿಯಾಗಿತ್ತು. ಆ ತಿಳಿದನಿಯಲ್ಲಿ ಅವರು ಆಡಿದ ಮೊದಲ ಮಾತು: ‘ನಾ ಪುರಾಣಕ್ಕ ಸುಳ್ಳಂದ್ನಲ್ರಿ. ಇನ್ನ ನನಗ ಉಳಿಗಾಲಿಲ್ಲ.’

ಅವತ್ತಿನ ವರದಿ ಕೇಳಿ ಡಾಕ್ಟರಬಾಯಿ ಸಂತೋಷಪಟ್ಟರು. ‘ಗಂಟು ಬಿಚ್ಚಿದೆ. ಇನ್ನು ದೇವರೂ ಸಡಿಲವಾಗುತ್ತಾನೆ, ಆಗಲಿ ಬಿಡು’ ಎಂದರು. ನನಗೆ ಹಾಗೆ ಬಿಡಲು ಮನಸ್ಸಾಗಲಿಲ್ಲ. ಅವರ ದೇವರು ಉಳಿಯಲಿ ಎಂದೂ ನಾನು ಬಯಸಬಾರದು, ಹೋಗಲಿ ಎಂದೂ ಬಯಸಬಾರದು. ಎರಡೂ ನನ್ನ ಹಟವಾಗುತ್ತದೆ. ಅಂಥ ಕಡೆ ಸುಮ್ಮನೆ ಕೂರುವುದು ಈ ಕೆಲಸದ ಕಷ್ಟದ ಭಾಗ.

ಎರಡು ಮಂಗಳವಾರ ಅವರು ಬರಲಿಲ್ಲ. ಬಂದಾಗ ಮುಖ ಇಳಿದಿತ್ತು.

‘ಒಂದು ಕೇಳ್ತೀನಿ, ಖರೇ ಹೇಳ್ರಿ ಬಾಯಾರ. ಇಷ್ಟು ದಿನ ಶಿವಾ, ಶಿವಾ ಅಂತ ಕರದೆ. ಅದು ಅವ್ವನ್ನ ಕರದಿದ್ದೇನ್ರಿ? ಹಂಗಾರ ನಾ ಪೂಜಿ ಮಾಡಿದ್ದು ಯಾರಿಗೆ?’

‘ಯಾರಿಗೆ ಅಂತ ನನಗ ಗೊತ್ತಿಲ್ರಿ’ ಎಂದೆ. ‘ನನ್ನ ವಿದ್ಯಾ ಅಲ್ಲಿಗೆ ಮುಟ್ಟಂಗಿಲ್ಲ. ಕರದವ್ರು ನೀವ, ಅಷ್ಟು ಮಾತ್ರ ನನಗ ಕೇಳಿಸ್ತೈತಿ. ಅದು ಸುಳ್ಳಲ್ರಿ.’

ಅವರು ಎದ್ದು ಕಾವಿ ಸರಿಪಡಿಸಿಕೊಂಡರು. ಹೊರಡುವಾಗ, ‘ಅವ್ವ ಇನ್ನ ಅದಾಳ್ರಿ. ಕೇಳಿ ಬರ್ತೀನಿ’ ಎಂದರು.

ಕುಣಿಕೋಣೂರಿನಲ್ಲಿ ನಡೆದದ್ದನ್ನು ಅವರ ಬಾಯಿಂದಲೇ ಕೇಳಿದೆ. ಮುದುಕಿ ಎಂದಿನಂತೆ ಕಾಲಿಗೆ ಬೀಳಲು ಬಂದಾಗ ಇವರು ಅವಳ ತೋಳು ಹಿಡಿದು ನಿಲ್ಲಿಸಿದರು. ‘ಅವ್ವ, ನನ್ನ ಕೊಡೋವಾಗ ನಕ್ಕಿದ್ದೇನ?’ ಎಂದು ಕೇಳಿದರು. ಅವ್ವ ಎಂಬ ಶಬ್ದಕ್ಕೇ ಮುದುಕಿ ಕುಸಿದು ಕುಳಿತಳಂತೆ.

‘ಎಲ್ಲಿ ನಗೂದಪ್ಪ’ ಎಂದಳಂತೆ. ‘ಸಂಜಿಗೆ ಬರ್ತೀನಿ ಅಂದಿದ್ನಲ್ಲ, ಬಂದಿದ್ದೆ. ವಾಪಸ ಕರಕೊಂಡು ಹೋಗಬೇಕಂತನ ಬಂದಿದ್ದೆ. ಮಠದ ಮುಂದಿನ ಬೇವಿನ ಗಿಡದ ಹಿಂದ ನಿಂತು ನೋಡಿದೆ. ನೀ ಪಂಕ್ತಿಯೊಳಗ ಕುಂತು ಉಣ್ಣಾಕ ಹತ್ತಿದ್ದಿ. ಇನ್ನೊಮ್ಮಿ ಹುಗ್ಗಿ ನೀಡ್ರಿ ಅಂತ ಕೈ ಮಾಡಿದಿ. ಅವರು ನೀಡಿದ್ರು. ನಮ್ಮ ಮನಿಯೊಳಗ ಇನ್ನೊಮ್ಮಿ ಅನ್ನೂದು ಇರಲಿಲ್ಲೋ ಯಪ್ಪಾ. ಮಗ ಹೊಟ್ಟಿತುಂಬ ಉಂಡ ಅಂತ ತಿರುಗಿ ಹೋದೆ.’

ಇದನ್ನು ನನಗೆ ಹೇಳುವಾಗ ಮಹಾಂತಯ್ಯನವರ ದನಿ ಎಲ್ಲಿಯೂ ಕಟ್ಟಲಿಲ್ಲ. ‘ಆ ಹುಗ್ಗಿ ನನಗ ನೆನಪೈತ್ರಿ’ ಎಂದರು. ‘ಬೆಲ್ಲ ಭಾಳ ಹಾಕಿದ್ರು.’

ಶ್ರಾವಣದಲ್ಲಿ ಸೊರಡಿಯ ಪುರಾಣಕ್ಕೆ ನಾನೂ ಹೋದೆ. ಕೋಣೆಗೆ ಬಂದವರನ್ನು ಹೊರಗೆ ನೋಡಲು ಹೋಗಬಾರದೆಂದು ನಮ್ಮ ವಿದ್ಯೆಯ ಕಟ್ಟಳೆ. ಡಾಕ್ಟರಬಾಯಿಗೆ ಮೊದಲೇ ಹೇಳಿ, ಬೈಸಿಕೊಂಡೇ ಹೋದೆ. ಹೆಂಗಸರ ನಡುವೆ ಹಿಂದೆ ಕುಳಿತೆ. ಆ ಪ್ರಸಂಗ ಬಂತು. ಮೈಕಿನಲ್ಲಿ ದನಿ ಗಂಟೆಯ ಹಾಗಿತ್ತು. ತಾಯಿ ಮಗನನ್ನು ಎತ್ತಿಕೊಂಡು ಬಂದಳು ಎನ್ನುವಲ್ಲಿ ಅವರು ನಿಲ್ಲಿಸಿದರು. ಅವರು ಪುರಾಣದ ಹೊತ್ತಿಗೆಯನ್ನು ಮೆಲ್ಲಗೆ ಮುಚ್ಚಿದರು.

‘ತಾಯಿ ನಗನಗತಾ ಕೊಟ್ಟಳು ಅಂತ ಇಲ್ಲಿ ಐತಿ. ಬರದವ್ರು ದೊಡ್ಡವರು. ಆದ್ರ ನಾ ಒಂದು ಮಾತು ಹೇಳ್ತೀನಿ ತಾಯಂದಿರ. ಆಕಿ ನಕ್ಕಿರಲಿಕ್ಕಿಲ್ಲ. ಅತಗೋತನ ಕೊಟ್ಟಿರಬೇಕು. ಶಿವ ಆ ಕಣ್ಣೀರು ಕಂಡು ಮಗನ್ನ ತಿರುಗಿ ಕೊಟ್ಟಾನ.’

ನನ್ನ ಪಕ್ಕದ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳಾಚೆ ಇನ್ನೊಬ್ಬಳು. ನಾನು ಕೂಡ. ಅವರ ಶಿವ ಹೋಗಿರಲಿಲ್ಲ. ಅಳುವವರ ಕಡೆಗೆ ಒಂದಿಷ್ಟು ಸರಿದು ಕುಳಿತಿದ್ದ. ಮರಿಯಾಗಿ ಬರಬೇಕಿದ್ದ ಆ ಮಗುವನ್ನು ಮಹಾಂತಯ್ಯನವರು ಅದರ ತಂದೆತಾಯಿಯ ಬಳಿಯೇ ಇಟ್ಟರು. ‘ದೊಡ್ಡಾಂವ ಆಗಿ ತಾನ ಬರ್ತೀನಂದ್ರ ಬರಲಿ’ ಎಂದು ಹೇಳಿ ಕಳಿಸಿದರು.

ಡಾಕ್ಟರಬಾಯಿ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. ಅಷ್ಟೊತ್ತಿಗೆ ಫೋನು ಹೋಗಿ ವಿಡಿಯೋ ಕರೆ ಬಂದಿತ್ತು. ಪರದೆಯ ಮೇಲೆ ಅವರ ಕೂದಲು ಪೂರ್ತಿ ಬೆಳ್ಳಗಾದದ್ದು ಕಾಣುತ್ತಿತ್ತು. ‘ಅವರು ಅಮ್ಮನನ್ನು ಕಂಡುಕೊಂಡರು, ಆದರೂ ದೇವರ ಹೆಸರು ಬಿಡಲಿಲ್ಲ, ಅಷ್ಟೇ’ ಎಂದರು. ‘ಇರಬಹುದು’ ಎಂದೆ. ‘ಇರಬಹುದು ಎನ್ನುವುದನ್ನು ನಿನಗೆ ಚೆನ್ನಾಗಿ ಕಲಿಸಿದ್ದೇನೆ’ ಎಂದು ನಕ್ಕರು. ನಾವಿಬ್ಬರೂ ಜಗಳಾಡುತ್ತಲೇ ಒಟ್ಟಿಗೆ ಕೆಲಸ ಮಾಡಿದೆವು. ನನ್ನ ಜೊತೆ ಒಪ್ಪದೆಯೂ ನನ್ನನ್ನು ಬಿಡದ ಗುರು ಸಿಕ್ಕದ್ದಕ್ಕೆ ಯಾರಿಗೆ ಕೈ ಮುಗಿಯಲಿ? ಈಗ ಅವರಿಲ್ಲ. ವಾರದ ಆ ಹೊತ್ತಿಗೆ ಇವತ್ತಿಗೂ ನನ್ನ ಕೈ ಫೋನಿಗೆ ಹೋಗುತ್ತದೆ.

ಸೊರಡಿಯ ಪುರಾಣ ನಡೆದ ಆ ಶ್ರಾವಣ ಕಳೆದ ಮೇಲೆ ಒಬ್ಬ ಮುದುಕಿ ಗುಡ್ಡಾಪುರದ ದಾನಮ್ಮ ದೇವಿಯ ದರ್ಶನ ಮುಗಿಸಿ, ಬಸ್ಸು ಹಿಡಿದು, ವಿಚಾರಿಸುತ್ತ ನನ್ನ ಕೋಣೆಗೆ ಬಂದಳು. ಚಾಪೆಯ ಮೇಲೆ ಕುಳಿತಳು. ಮಹಾಂತಯ್ಯನವರ ತಾಯಿ.

‘ನನ್ನ ಮಗ ಇಲ್ಲಿ ಬಂದು ಅತ್ತನಂತ’ ಎಂದಳು. ‘ಚಲೋ ಆತ್ರಿ. ಅಂವಾ ಜೀವಂತ ಅದಾನ, ಅವನ ಮಾತು ಅಂವಾ ಆಡಿದ. ಅವನ ಮುಂಚೆ ಕೂಸುಗಳು ಹೋದವಲ್ಲ, ಅವುಗಳ ಮಾತು ಯಾರಾಡಬೇಕ್ರಿ?’

ನಾನೂ ಚಾಪೆಗೆ ಇಳಿದು ಕುಳಿತೆ. ‘ಹೆಸರ ಇಟ್ಟಿದ್ರೇನವ್ವ?’ ಎಂದು ಕೇಳಿದೆ.

‘ತೊಟ್ಟಿಲಕ್ಕ ಹಾಕೂ ಮುಂಚೇನ ಹೋದ್ವು. ಹೆಸರು ಎಲ್ಲಿಂದ್ರಿ? ಆದ್ರ ನಾ ಒಳಗೊಳಗ ಇಟ್ಟಿದ್ದೆ. ಮನಿಯವ್ರಿಗೂ ಹೇಳಿಲ್ಲ. ದಾನಮ್ಮಗ ಅಷ್ಟ ಗೊತ್ತು.’

ಒಂದೊಂದಾಗಿ ಹೇಳಿದಳು. ಒಂದು ಹೆಸರಿಗೂ ಇನ್ನೊಂದಕ್ಕೂ ನಡುವೆ, ಆ ಕೂಸು ಹೇಗಿತ್ತು, ಯಾರ ಮೂಗು, ಎಷ್ಟು ಕೂದಲು, ಎಲ್ಲ. ಆ ಹೆಸರುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಮುಗಿದ ಮೇಲೆ ಮೊಣಕಾಲಿಗೆ ಕೈ ಊರಿ ಎದ್ದಳು. ‘ಮನಸು ಹಗುರಾತೇನವ್ವ?’ ಎಂದು ಕೇಳಿದೆ.

ಬಾಗಿಲಲ್ಲಿ ನಿಂತು ಯೋಚಿಸಿದಳು.

‘ಹಗುರಾತು ಅನ್ನಂಗಿಲ್ರಿ’ ಎಂದಳು. ‘ಇಷ್ಟು ದಿನ ನನಗ ಮತ್ತ ಆ ದಾನಮ್ಮ ತಾಯಿಗೆ ಅಷ್ಟ ಗೊತ್ತಿತ್ತು. ಈಗ ನಿಮಗೂ ಗೊತ್ತಾತು.’